ತೃಪ್ತಿಯ ಅಂಕ ಹೆಚ್ಚು, ಕಲಿಕೆ ಕಡಿಮೆ: ಶಿವಮೊಗ್ಗದ ಒಂದು ಇಂಜಿನಿಯರಿಂಗ್ ತರಗತಿಯ ಪ್ರಕರಣ

ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗ. ಮೂರನೇ ಸೆಮಿಸ್ಟರು, ಫ್ಲೂಯಿಡ್ ಮೆಕ್ಯಾನಿಕ್ಸ್, ಅಂದರೆ ನೀರಿನಂಥವುಗಳ ಒತ್ತಡ, ಹರಿವಿನ ಪಾಠ. ಸೆಕ್ಷನ್ ಎರಡು, ಸಿಲಬಸ್ ಒಂದೇ, ಪಾಠ ಮಾಡುವವರು ಬೇರೆ ಬೇರೆ. ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕಿನಲ್ಲಿ ಎ ಸೆಕ್ಷನ್ನಿನ ಅಧ್ಯಾಪಕರಿಗೆ ಐದಕ್ಕೆ ನಾಲ್ಕರ ಮೇಲೆ ಸರಾಸರಿ ಬಂತು. ಬಿ ಸೆಕ್ಷನ್ನಿನ ಅಧ್ಯಾಪಕಿಗೆ ಮೂರರ ಆಸುಪಾಸು. ವಿಭಾಗದ ಸಭೆಯಲ್ಲಿ ಎರಡೂ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟಾಗ, ಮುಂದಿನ ವರ್ಷ ಈ ಸಬ್ಜೆಕ್ಟನ್ನು ಅವರಿಂದ ತೆಗೆದು ಬೇರೆಯವರಿಗೆ ಕೊಡೋಣ ಎಂಬ ಮಾತು ಬಂತು. ಯಾರೂ ದ್ವೇಷದಿಂದ ಆಡಿದ ಮಾತಲ್ಲ. ಮಕ್ಕಳಿಗೆ ತೃಪ್ತಿ ಇಲ್ಲ ಎಂದು ಸಂಖ್ಯೆಯೇ ಹೇಳುತ್ತಿದೆಯಲ್ಲ ಎಂಬ ನಂಬಿಕೆಯಿಂದ ಆಡಿದ್ದು. ಆ ಸಂಖ್ಯೆ ನಿಜವಾಗಿ ಏನನ್ನು ಹೇಳುತ್ತಿದೆ ಎಂದು ನೋಡುವ ಕೆಲಸ ಕಾಲೇಜಿನ ಐಕ್ಯೂಎಸಿಗೆ, ಅಂದರೆ ಗುಣಮಟ್ಟ ಸಮಿತಿಗೆ ಬಂತು. ಆ ಸಮಿತಿಯಲ್ಲಿ ಕೆಲಸ ಮಾಡುವವನಾಗಿ ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು, ಅಧ್ಯಾಪಕರ ಹೆಸರು ಇಲ್ಲಿ ಬೇಕಿಲ್ಲ.

ಮೊದಲು ತರಗತಿಯಲ್ಲಿ ಯಾರಿದ್ದರು ಎನ್ನುವುದು. ಸಿಇಟಿ ಬರೆದು ಬಂದವರು ಒಂದು ಭಾಗ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಮೂರನೇ ಸೆಮಿಸ್ಟರಿಗೆ ಸೇರಿದವರು ಇನ್ನೊಂದು ಭಾಗ. ಇವರಲ್ಲಿ ಬಹಳ ಜನ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಪೈಪು, ವಾಲ್ವು, ಫಿಟ್ಟಿಂಗು ಕೈಗೆ ಗೊತ್ತು. ಇಂಟಿಗ್ರೇಷನ್ ಬಂದರೆ ಪೆನ್ನು ನಿಲ್ಲುತ್ತದೆ. ಶಿವಮೊಗ್ಗ ಪೇಟೆಯ ಹುಡುಗ ಹುಡುಗಿಯರ ಪಕ್ಕದಲ್ಲೇ ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯ ಮಕ್ಕಳು ಕೂತಿರುತ್ತಾರೆ. ಕೆಲವರು ಹಾಸ್ಟೆಲ್ಲಿನಲ್ಲಿ, ಕೆಲವರು ದಿನಾ ಬಸ್ಸಿನಲ್ಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮದಂತೆ ಶೇ. 85 ಹಾಜರಾತಿ ಬೇಕು. 50 ಅಂಕ ಕಾಲೇಜಿನೊಳಗಿನ ನಿರಂತರ ಮೌಲ್ಯಮಾಪನಕ್ಕೆ, 50 ಸೆಮಿಸ್ಟರ್ ಕೊನೆಯ ಪರೀಕ್ಷೆಗೆ. ಆ ಮೊದಲ 50 ಯಾರ ಕೈಯಲ್ಲಿದೆ ಎನ್ನುವುದನ್ನು ನೆನಪಿಡಬೇಕು. ಫೀಡ್‌ಬ್ಯಾಕ್ ತುಂಬುವ ವಿದ್ಯಾರ್ಥಿ ಅದನ್ನು ಒಂದು ಕ್ಷಣವೂ ಮರೆಯುವುದಿಲ್ಲ.

ಫಾರಂ ಎಲ್ಲಿಂದ ಬಂತು

ಕಾಲೇಜುಗಳಲ್ಲಿ ಫೀಡ್‌ಬ್ಯಾಕ್ ಹಿಂದೆಯೂ ಇತ್ತು. ಅದಕ್ಕೆ ಈಗಿನ ಭಾರ ಬಂದದ್ದು ಮಾನ್ಯತೆಯಿಂದ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ 2017ರಲ್ಲಿ ಜಾರಿಗೆ ತಂದ ಪರಿಷ್ಕೃತ ಚೌಕಟ್ಟಿನಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಒಂದು ಪ್ರತ್ಯೇಕ ಅಂಶವಾಯಿತು. 20 ವಸ್ತುನಿಷ್ಠ ಪ್ರಶ್ನೆ, ಒಂದು ಮುಕ್ತ ಪ್ರಶ್ನೆ. ಸೊನ್ನೆಯಿಂದ ನಾಲ್ಕರವರೆಗೆ ಉತ್ತರ. ಮೊದಲ ಪ್ರಶ್ನೆಯೇ ಸಿಲಬಸ್ಸಿನಲ್ಲಿ ಎಷ್ಟು ಭಾಗ ಪಾಠವಾಯಿತು ಎಂಬುದು. ಇನ್ನೊಂದು ಕಡೆ ಇಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ಇದೆ. ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಖಾಯಂ ಸದಸ್ಯನಾದ ಮೇಲೆ ‘ಕೋರ್ಸ್ ಔಟ್‌ಕಮ್’, ಅಂದರೆ ಕೋರ್ಸ್ ಮುಗಿದಾಗ ವಿದ್ಯಾರ್ಥಿಗೆ ಏನು ಬರಬೇಕು ಎನ್ನುವುದು, ಪ್ರತಿ ಅಧ್ಯಾಪಕರ ದಿನಬಳಕೆಯ ಮಾತಾಗಿದೆ. ಪರೀಕ್ಷೆಯ ಅಂಕ ನೇರ ಅಳತೆ, ಕೋರ್ಸ್ ಕೊನೆಯ ಸಮೀಕ್ಷೆ ಪರೋಕ್ಷ ಅಳತೆ. ಬಹಳ ಕಾಲೇಜುಗಳು ಇವೆರಡನ್ನು 80:20ರಂತೆ ಕೂಡಿಸಿ ಫೈಲಿಗೆ ಸೇರಿಸುತ್ತವೆ.

ಹೀಗೆ ಎರಡು ಕಡೆಯ ಅಗತ್ಯಕ್ಕೆ ಒಂದೇ ಫಾರಂ ದುಡಿಯತೊಡಗಿತು. ನಮ್ಮ ಪ್ರಕರಣದ ಫಾರಂ ಆನ್‌ಲೈನ್. ಯುಎಸ್‌ಎನ್, ಅಂದರೆ ವಿದ್ಯಾರ್ಥಿಯ ನೋಂದಣಿ ಸಂಖ್ಯೆ ಹಾಕಿ ಲಾಗಿನ್ ಆಗಬೇಕು. ತುಂಬದಿದ್ದರೆ ಹಾಲ್ ಟಿಕೆಟ್ ತಡವಾಗುತ್ತದೆ ಎಂಬ ಮಾತು ಹುಡುಗರ ನಡುವೆ ಓಡಾಡುತ್ತಿತ್ತು. ಆರೇಳು ಸಬ್ಜೆಕ್ಟು, ಒಂದೊಂದಕ್ಕೂ ಅದೇ ಪ್ರಶ್ನೆಗಳ ಸಾಲು, ಎಲ್ಲವೂ ಇಂಗ್ಲಿಷಿನಲ್ಲಿ, ಅದೂ ಇಂಟರ್ನಲ್ಸ್ (ಕಾಲೇಜಿನೊಳಗಿನ ಪರೀಕ್ಷೆಗಳು) ಮುಗಿದು ಲ್ಯಾಬ್ ಪರೀಕ್ಷೆ ಹತ್ತಿರ ಬಂದ ವಾರದಲ್ಲಿ. ಒಬ್ಬ ವಿದ್ಯಾರ್ಥಿನಿ ನೇರವಾಗಿ ಹೇಳಿದಳು: “ಯುಎಸ್‌ಎನ್ ಹಾಕಿದ ಮೇಲೆ ಯಾರು ಬರೆದದ್ದು ಅಂತ ಗೊತ್ತಾಗಲ್ಲ ಅಂದ್ರೆ ಹೇಗೆ ನಂಬೋದು ಸರ್? ಎಲ್ಲಾದಕ್ಕೂ ಐದು ಕೊಟ್ಟರೆ ಯಾರಿಗೂ ತೊಂದರೆ ಇಲ್ಲ.”

ನಾವು ಮೊದಲು ನೋಡಿದ್ದು ಇದನ್ನೇ. ಫಾರಮ್ಮಿನಲ್ಲಿ ಒಂದು ಪ್ರಶ್ನೆ ತಿರುವುಮುರುವಾಗಿತ್ತು: “ಈ ಸಬ್ಜೆಕ್ಟಿನಲ್ಲಿ ಅರ್ಥವಾಗದೆಯೇ ಬಾಯಿಪಾಠ ಮಾಡಿದ್ದು ಹೆಚ್ಚು” ಎನ್ನುವ ಅರ್ಥದ್ದು. ಉಳಿದೆಲ್ಲಕ್ಕೂ ಐದು ಒತ್ತಿದವರಲ್ಲಿ ಎಷ್ಟೋ ಜನ ಇದಕ್ಕೂ ಐದೇ ಒತ್ತಿದ್ದರು. ಪಾಠ ಅತ್ಯುತ್ತಮ, ಏನೂ ಅರ್ಥವಾಗಿಲ್ಲ, ಎರಡಕ್ಕೂ ಪೂರ್ಣ ಒಪ್ಪಿಗೆ! ಇಂಥ ಉತ್ತರಗಳನ್ನು ಬೇರೆ ಇಟ್ಟರೆ ಎ ಸೆಕ್ಷನ್ನಿನ ಹೊಳಪು ಸ್ವಲ್ಪ ಇಳಿಯಿತು, ಆದರೂ ಎ ಮೇಲೆಯೇ ಉಳಿಯಿತು. ಅಂದರೆ ಕಣ್ಣುಮುಚ್ಚಿ ಒತ್ತಿದ್ದಷ್ಟೇ ಕಾರಣವಲ್ಲ. ಎ ಸೆಕ್ಷನ್ನಿನ ಮಕ್ಕಳಿಗೆ ಪಾಠ ನಿಜಕ್ಕೂ ಹಿಡಿಸಿತ್ತು.

ಸರಾಸರಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ‘ಪೂರ್ಣ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗಿನ ಈ ಏಣಿಯನ್ನು ರೆನ್ಸಿಸ್ ಲೈಕರ್ಟ್ 1932ರಲ್ಲಿ ಮನೋಭಾವ ಅಳೆಯಲು ರೂಪಿಸಿದ. ಅದರ ಮೆಟ್ಟಿಲುಗಳ ನಡುವಿನ ಅಂತರ ಸಮವಾಗಿದೆ ಎನ್ನಲು ಆಧಾರವಿಲ್ಲ. 60 ಜನರಲ್ಲಿ 30 ಮಂದಿ ಐದು, 30 ಮಂದಿ ಒಂದು ಕೊಟ್ಟರೂ ಸರಾಸರಿ 3. ಅರವತ್ತೂ ಮಂದಿ ಮೂರು ಕೊಟ್ಟರೂ 3. ಮೊದಲನೆಯದು ಎರಡು ಹೋಳಾದ ತರಗತಿ, ಎರಡನೆಯದು ಯಾವ ಅಭಿಪ್ರಾಯವೂ ಇಲ್ಲದ ತರಗತಿ. ಬಿ ಸೆಕ್ಷನ್ನಿನ ಉತ್ತರಗಳನ್ನು ಬಿಡಿಸಿ ನೋಡಿದಾಗ ಅದು ಮೊದಲ ಬಗೆಯದಾಗಿತ್ತು: ಒಂದು ಗುಂಪಿಗೆ ತುಂಬಾ ಇಷ್ಟ, ಇನ್ನೊಂದಕ್ಕೆ ಸಿಟ್ಟು. ಸಭೆಗೆ ಬಂದ ಹಾಳೆಯಲ್ಲಿ ಇದು ಕಾಣುವಂತೆಯೇ ಇರಲಿಲ್ಲ.

ಬ್ಲೂ ಬುಕ್ ತೆಗೆದಾಗ

ಎನ್‌ಬಿಎ ದೆಸೆಯಿಂದ ಒಂದು ಒಳ್ಳೆಯದಾಗಿದೆ. ಇಂಟರ್ನಲ್ಸ್ ಉತ್ತರ ಬರೆಯುವ ಬ್ಲೂ ಬುಕ್‌ಗಳನ್ನು ವಿಭಾಗಗಳು ಎಸೆಯುವುದಿಲ್ಲ. ಎರಡೂ ಸೆಕ್ಷನ್ನಿಗೆ ಪ್ರಶ್ನೆಪತ್ರಿಕೆ ಒಂದೇ. ಎರಡನೇ ಇಂಟರ್ನಲ್ಸಿನ ಪುಸ್ತಕಗಳನ್ನು ಬೀರುವಿನಿಂದ ತೆಗೆಸಿ ಎರಡು ಪ್ರಶ್ನೆಗಳನ್ನು ಮಾತ್ರ ಓದಿದೆವು.

ಒಂದು, ಪೈಪಿನಲ್ಲಿ ಹರಿಯುವ ನೀರನ್ನು ಅಳೆಯುವ ವೆಂಚುರಿಮೀಟರಿನ ಪಠ್ಯಪುಸ್ತಕದ ಲೆಕ್ಕ. ಸೂತ್ರ ಬರೆ, ಬೆಲೆ ಹಾಕು, ಉತ್ತರ ತೆಗೆ. ಇದರಲ್ಲಿ ಎರಡೂ ಸೆಕ್ಷನ್ ಸರಿಸಮ. ಎ ಸೆಕ್ಷನ್ನಿನವರ ಬರವಣಿಗೆ ಇನ್ನೂ ಅಚ್ಚುಕಟ್ಟು ಎಂದೇ ಹೇಳಬೇಕು.

ಇನ್ನೊಂದು ಪ್ರಶ್ನೆ ಹೀಗಿತ್ತು: ಗುಡ್ಡದ ಅಬ್ಬಿಯಿಂದ ಮನೆಗೆ ಪೈಪಿನಲ್ಲಿ ನೀರು ಬರುತ್ತಿದೆ. ಹಳೆಯ ಪೈಪಿನ ಬದಲು ಅರ್ಧ ವ್ಯಾಸದ ಪೈಪು ಹಾಕಿ, ಮೊದಲಿನಷ್ಟೇ ನೀರು ಬರಬೇಕೆಂದರೆ ಘರ್ಷಣೆಯಿಂದಾಗುವ ಹೆಡ್ ಲಾಸ್ (ನೀರಿನ ಒತ್ತಡದ ನಷ್ಟ) ಎಷ್ಟು ಪಟ್ಟಾಗುತ್ತದೆ? ಘರ್ಷಣಾಂಕ ಬದಲಾಗುವುದಿಲ್ಲ ಎಂದಿಟ್ಟುಕೊಳ್ಳಿ. ವೇಗದ ವರ್ಗವನ್ನು ವ್ಯಾಸದಿಂದ ಭಾಗಿಸುವ ಡಾರ್ಸಿ–ವೈಸ್‌ಬಾಕ್ ಸೂತ್ರ ಗೊತ್ತಿದ್ದರೆ ನಾಲ್ಕು ಸಾಲಿನ ಕೆಲಸ. ವ್ಯಾಸ ಅರ್ಧವಾದರೆ ಅಡ್ಡಕೊಯ್ತದ ವಿಸ್ತೀರ್ಣ ಕಾಲು ಭಾಗ, ವೇಗ ನಾಲ್ಕು ಪಟ್ಟು, ವೇಗದ ವರ್ಗ 16 ಪಟ್ಟು. ಛೇದದಲ್ಲಿರುವ ವ್ಯಾಸ ಅರ್ಧವಾದದ್ದರಿಂದ ಮತ್ತೆ ಎರಡು ಪಟ್ಟು. ಒಟ್ಟು 32. ಎ ಸೆಕ್ಷನ್ನಿನಲ್ಲಿ ಹೆಚ್ಚಿನವರು ಸೂತ್ರವನ್ನು ಬಿಡಿಸಿದ ಚಿತ್ರದೊಂದಿಗೆ ಬರೆದು, ಬೆಲೆಗಳೇ ಕೊಟ್ಟಿಲ್ಲವಲ್ಲ ಎಂದು ಅಲ್ಲಿಗೇ ನಿಲ್ಲಿಸಿದ್ದರು. ಕೆಲವರು ‘ಎರಡು ಪಟ್ಟು’ ಎಂದು ಊಹಿಸಿದ್ದರು. ಬಿ ಸೆಕ್ಷನ್ನಿನಲ್ಲಿ ಉತ್ತರ ತಪ್ಪಿದವರೂ ಅನುಪಾತ ಹಿಡಿದು ಮುಂದೆ ಹೋಗಿದ್ದರು. ಸರಿಯಾಗಿ 32ಕ್ಕೆ ಮುಟ್ಟಿದವರು ಅಲ್ಲೇ ಹೆಚ್ಚು. ಪ್ರಶ್ನೆ ಬಿ ಸೆಕ್ಷನ್ನಿಗೆ ಅನುಕೂಲವಾಗುವಂತೆ ಇತ್ತೇನೋ ಎಂಬ ಅನುಮಾನಕ್ಕೂ ಜಾಗವಿರಲಿಲ್ಲ. ಆ ಸಲದ ಪತ್ರಿಕೆ ಸಿದ್ಧಮಾಡಿದ್ದು ಎ ಸೆಕ್ಷನ್ನಿನ ಅಧ್ಯಾಪಕರೇ.

ಎ ಸೆಕ್ಷನ್ನಿನ ಒಬ್ಬ ಲ್ಯಾಟರಲ್ ಎಂಟ್ರಿ ಹುಡುಗನನ್ನು ಕರೆದು ಮಾತಾಡಿಸಿದೆವು. ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ಮನೆಗೆ ಬರುವುದೇ ಅಬ್ಬಿ ನೀರು. ಆ ಪ್ರಶ್ನೆಗೆ ಅವನದು ಸೊನ್ನೆ. ನಿಮ್ಮ ಮನೆಯ ಲೈನು ಹೇಗಿದೆ ಎಂದು ಕೇಳಿದ್ದೇ ತಡ, ಹುಡುಗ ಬೇರೆಯೇ ಆದ. ಮಳೆಗಾಲ ಕಳೆದು ಅಬ್ಬಿಯಲ್ಲಿ ನೀರು ತಗ್ಗಿದಾಗ ಪೈಪಿಗೆ ಗಾಳಿ ಹೊಗುತ್ತದೆ. ದರೆ ಹತ್ತಿ ಇಳಿಯುವ ಏರಿನಲ್ಲಿ ಆ ಗಾಳಿ ಕಟ್ಟಿಕೊಳ್ಳುತ್ತದೆ. ಅಪ್ಪ ಹೋಗಿ ಅಲ್ಲಿನ ಜಾಯಿಂಟು ಬಿಚ್ಚಿ, ಬುಸ್ ಎಂದು ಗಾಳಿ ಹೋಗಿ ನೀರು ಚಿಮ್ಮುವವರೆಗೆ ಕಾದು, ಮತ್ತೆ ಕೂರಿಸಿ ಬರುತ್ತಾರೆ. ದೂರದವರೆಗೆ ದಪ್ಪ ಪೈಪು, ಮನೆಯ ಹತ್ತಿರ ಮಾತ್ರ ಸಣ್ಣದು; ಮೇಲಿಂದಲೇ ಸಣ್ಣದು ಹಾಕಿದರೆ ನಲ್ಲಿಯಲ್ಲಿ ತೊಟ್ಟಿಕ್ಕುತ್ತದೆ ಅಷ್ಟೇ. ಹೆಡ್ ಲಾಸಿನ ಇಡೀ ಅಧ್ಯಾಯವನ್ನು ಅವನು ಕೈಯಲ್ಲಿ ಗೆರೆ ಎಳೆದು ಹೇಳಿಬಿಟ್ಟ. ಮತ್ತೆ ಬ್ಲೂ ಬುಕ್ ತೋರಿಸಿದಾಗ, “ಅದು ಇದೇ ಅಂತ ಗೊತ್ತಾಗ್ಲಿಲ್ಲ ಸರ್” ಎಂದ. ಫೀಡ್‌ಬ್ಯಾಕಿನಲ್ಲಿ ಏನು ಕೊಟ್ಟಿದ್ದೆ ಎಂದು ಕೇಳುವ ಅಗತ್ಯ ನಮಗಿರಲಿಲ್ಲ, ಅವನೇ ಹೇಳಿದ: ಸರ್ ನೋಟ್ಸ್ ತುಂಬಾ ಚೆನ್ನಾಗಿ ಕೊಡ್ತಾರೆ, ಐದೇ ಕೊಟ್ಟೆ.

ಈ ಹುಡುಗ ಸುಳ್ಳು ಹೇಳಲಿಲ್ಲ. ಅವನಿಗೆ ತೃಪ್ತಿ ಇತ್ತು. ಅಚ್ಚುಕಟ್ಟಾದ ನೋಟ್ಸು, ಗದ್ದಲವಿಲ್ಲದ ತರಗತಿ, ತಪ್ಪು ಮಾಡಿ ನಾಚಿಕೊಳ್ಳುವ ಪ್ರಸಂಗವೇ ಬಾರದ ಸೆಮಿಸ್ಟರು. ಅತ್ತ ಬಿ ಸೆಕ್ಷನ್ನಿನಲ್ಲಿ ಅಧ್ಯಾಪಕಿ ಅರ್ಧ ಪೀರಿಯಡ್ ಮಾತ್ರ ಪಾಠ ಮಾಡಿ, ಉಳಿದರ್ಧ ಇಬ್ಬಿಬ್ಬರನ್ನು ಕೂರಿಸಿ ಲೆಕ್ಕ ಬಿಡಿಸಲು ಹಚ್ಚುತ್ತಿದ್ದರು. ತಡವರಿಸಬೇಕು, ಪಕ್ಕದವನ ಜೊತೆ ವಾದ ಮಾಡಬೇಕು, ಬೋರ್ಡಿಗೆ ಹೋಗಬೇಕು. ಅರ್ಥವಾಗುತ್ತಿಲ್ಲ ಎನ್ನುವುದು ಪ್ರತಿದಿನ ಎದುರಿಗೆ ಬಂದು ನಿಲ್ಲುವ ತರಗತಿ ಅದು. ಹಾರ್ವರ್ಡಿನ ಆರಂಭಿಕ ಭೌತಶಾಸ್ತ್ರ ತರಗತಿಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಕಂಡಿದೆ. ತಾವೇ ಲೆಕ್ಕ ಬಿಡಿಸುತ್ತ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರು, ಆದರೆ ತಾವು ಕಡಿಮೆ ಕಲಿತೆವು ಎಂದು ಭಾವಿಸಿದರು. ಸರಾಗವಾದ ಉಪನ್ಯಾಸ ಕೇಳಿದವರು ಅದಕ್ಕೆ ತದ್ವಿರುದ್ಧ. ವಿದ್ಯಾರ್ಥಿಗಳು ಕೊಡುವ ರೇಟಿಂಗಿಗೂ ಕಲಿಕೆಗೂ ಸಂಬಂಧವಿದೆ ಎನ್ನುವ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ 2017ರಲ್ಲಿ ಮರುಲೆಕ್ಕ ಮಾಡಿದವರಿಗೂ ಹೇಳಿಕೊಳ್ಳುವಂಥ ಸಂಬಂಧ ಸಿಗಲಿಲ್ಲ.

ಬಿ ಸೆಕ್ಷನ್ನಿನವರು ಹೆಂಗಸು, ವಯಸ್ಸಿನಲ್ಲಿ ಚಿಕ್ಕವರು, ಸೇವೆಯಲ್ಲೂ ಹೊಸಬರು. ಇದನ್ನು ಬಿಟ್ಟು ಆ ಅಂಕವನ್ನು ಓದುವುದು ಅನ್ಯಾಯ. 2015ರಲ್ಲಿ ಅಚ್ಚಾದ ಅಮೆರಿಕದ ಒಂದು ಸಣ್ಣ ಪ್ರಯೋಗದಲ್ಲಿ, ಆನ್‌ಲೈನ್ ಕೋರ್ಸಿನ ಇಬ್ಬರು ಬೋಧಕರು, ಒಬ್ಬ ಗಂಡು ಒಬ್ಬ ಹೆಣ್ಣು, ತಂತಮ್ಮ ಹೆಸರಿನಲ್ಲೂ ಇನ್ನೊಬ್ಬರ ಹೆಸರಿನಲ್ಲೂ ಪಾಠ ಮಾಡಿದರು. ಅಸೈನ್‌ಮೆಂಟುಗಳನ್ನು ತಿದ್ದಿ ಹಿಂದಿರುಗಿಸಿದ್ದು ಒಂದೇ ಹೊತ್ತಿಗೆ. ಆದರೂ ‘ಬೇಗ ಹಿಂದಿರುಗಿಸುತ್ತಾರೆ’ ಎಂಬ ಅಂಶಕ್ಕೆ ಗಂಡಿನ ಹೆಸರಿಗೆ 4.35, ಹೆಣ್ಣಿನ ಹೆಸರಿಗೆ 3.55 ಬಂತು. ನಮ್ಮಲ್ಲಿ ಇಬ್ಬರೇ ಅಧ್ಯಾಪಕರು ಇದ್ದುದರಿಂದ, ಇಳಿದ ಅಂಕದಲ್ಲಿ ಕಲಿಸುವ ಕ್ರಮದ ಪಾಲೆಷ್ಟು, ಈ ಪೂರ್ವಗ್ರಹದ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಬೇರ್ಪಡಿಸಲು ಬಾರದ ಸಂಖ್ಯೆಯಿಂದ ಒಬ್ಬರ ಸಬ್ಜೆಕ್ಟು ಕಿತ್ತುಕೊಳ್ಳಬಾರದು ಎಂದು ಸಮಿತಿ ಬರೆದುಕೊಟ್ಟಿತು. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಒಪ್ಪಿದರು. ಮುಂದಿನ ಬ್ಯಾಚಿಗೂ ಅದೇ ಇಬ್ಬರು, ಅದೇ ಸಬ್ಜೆಕ್ಟು.

ಆರನೇ ವಾರದ ಅರ್ಧ ಗಂಟೆ

ಸೆಮಿಸ್ಟರ್ ಮುಗಿದ ಮೇಲೆ ಕೇಳಿದ ಫೀಡ್‌ಬ್ಯಾಕಿನಿಂದ ಅದನ್ನು ಬರೆದ ಮಕ್ಕಳಿಗೆ ಎಳ್ಳಷ್ಟೂ ಪ್ರಯೋಜನವಿಲ್ಲ. ಹಾಗಾಗಿ ಹೊಸ ಬ್ಯಾಚಿನಲ್ಲಿ ಆರನೇ ವಾರದಲ್ಲೇ ಕೇಳಿದೆವು. ಕ್ರಮ ನಮ್ಮದಲ್ಲ, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದ ಕೊನೆಯಲ್ಲಿ ರೂಢಿಗೆ ಬಂದದ್ದು. ಪಾಠ ಮಾಡುವವರು ಹೊರಗೆ ಹೋಗುತ್ತಾರೆ. ಬೇರೆ ವಿಭಾಗದ ಅಧ್ಯಾಪಕರೊಬ್ಬರು ಒಳಗೆ ಬರುತ್ತಾರೆ. ಮಕ್ಕಳು ನಾಲ್ಕೈದು ಜನರ ಗುಂಪುಗಳಲ್ಲಿ ಕೂತು ಮೂರು ಪ್ರಶ್ನೆಗೆ ಉತ್ತರಿಸುತ್ತಾರೆ: ಕಲಿಯಲು ಯಾವುದು ನೆರವಾಗುತ್ತಿದೆ, ಯಾವುದು ಅಡ್ಡ ಬರುತ್ತಿದೆ, ಈ ಸೆಮಿಸ್ಟರಿನಲ್ಲೇ ಏನನ್ನು ಬದಲಿಸಬಹುದು. ಗುಂಪಿಗೆ ಒಂದೇ ಚೀಟಿ, ಕನ್ನಡದಲ್ಲಾದರೂ ಸರಿ, ಬೆರಕೆಯಾದರೂ ಸರಿ. ಬಂದವರು ಅದನ್ನೆಲ್ಲ ಟೈಪ್ ಮಾಡಿ ಚೀಟಿಗಳನ್ನು ಹರಿದುಹಾಕುತ್ತಾರೆ, ಕೈಬರಹದ ಭಯವಿಲ್ಲ. ಅಂಕವೇ ಇಲ್ಲ.

ಭಾಷೆ ಬದಲಾದದ್ದೇ ದೊಡ್ಡ ವ್ಯತ್ಯಾಸ. ಇಂಗ್ಲಿಷ್ ಫಾರಮ್ಮಿನ ಮುಕ್ತ ಪ್ರಶ್ನೆಗೆ ಬರುತ್ತಿದ್ದದ್ದು ‘ಗುಡ್’, ‘ನೈಸ್ ಟೀಚಿಂಗ್’, ಇಲ್ಲವೇ ಖಾಲಿ ಜಾಗ. ಈ ಚೀಟಿಗಳಲ್ಲಿ ಬಂದವು: “ಡೆರಿವೇಷನ್ ಮಧ್ಯದಲ್ಲಿ ಒಂದು ಸ್ಟೆಪ್ ಹಾರಿಸ್ತಾರೆ, ಅಲ್ಲಿಂದ ಮುಂದೆ ಬರೀ ಕಾಪಿ.” “ತಪ್ಪಾದ್ರೆ ಬೋರ್ಡ್ ಹತ್ರ ನಿಂತಿರೋದು ಕಷ್ಟ ಆಗುತ್ತೆ.” “ಡೌಟ್ ಇಂಗ್ಲಿಷಲ್ಲಿ ಹೇಗೆ ಕೇಳೋದು ಅಂತ ಯೋಚನೆ ಮಾಡೋಷ್ಟರಲ್ಲಿ ಮುಂದಿನ ಟಾಪಿಕ್.” “ಕ್ಲಾಸಲ್ಲಿ ಬಿಡಿಸಿದ ಲೆಕ್ಕದ ಪೂರ್ತಿ ಉತ್ತರ ಕೊನೆಗೂ ಸಿಗಲ್ಲ, ಮನೆಗೆ ಹೋಗಿ ಏನು ಓದೋದು?” ಲ್ಯಾಬ್ ರೆಕಾರ್ಡ್ ಬಗ್ಗೆ ಎರಡೂ ಸೆಕ್ಷನ್ನಿನಿಂದ ಒಂದೇ ದೂರು: ಪ್ರಯೋಗಕ್ಕೆ ಹಿಡಿಯುವ ಸಮಯಕ್ಕಿಂತ ಉಪಕರಣದ ವಿವರ, ವಿಧಾನ, ಸಿದ್ಧಾಂತ ಎಂದು ಹಳೇ ರೆಕಾರ್ಡಿನಿಂದ ನಕಲು ಮಾಡಲು ಹಿಡಿಯುವ ಸಮಯ ಹೆಚ್ಚು.

ಇನ್ನೊಂದು ದೂರು ಅಧ್ಯಾಪಕರಿಗೆ ಸಂಬಂಧಿಸಿದ್ದೇ ಅಲ್ಲ. ಈ ಸಬ್ಜೆಕ್ಟು ವಾರದಲ್ಲಿ ಎರಡು ದಿನ ಮೊದಲ ಪೀರಿಯಡ್ಡಿಗೆ ಬೀಳುತ್ತಿತ್ತು. ಜೋರು ಮಳೆಯ ದಿನಗಳಲ್ಲಿ ತೀರ್ಥಹಳ್ಳಿ ಕಡೆಯ ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ತಡವಾದರೆ ಹಾಜರಾತಿ ಹೋಗುತ್ತದೆ, ಪಾಠದ ತಲೆಭಾಗವೂ ಹೋಗುತ್ತದೆ. ಹಳೆಯ ಫಾರಮ್ಮಿನಲ್ಲಿ ಈ ಅಸಮಾಧಾನವೆಲ್ಲ ಸುತ್ತಿ ಬಳಸಿ ಅಧ್ಯಾಪಕರ ಅಂಕದಲ್ಲೇ ಕೂರುತ್ತಿತ್ತು. ಬೇರೆಲ್ಲಿ ಹಾಕಬೇಕು ಎಂದು ಫಾರಂ ಕೇಳುತ್ತಲೇ ಇರಲಿಲ್ಲ.

ಎರಡು ದಿನದೊಳಗೆ ಇಬ್ಬರೂ ಅಧ್ಯಾಪಕರು ತಂತಮ್ಮ ತರಗತಿಗೆ ಹೋಗಿ, ಇವಿಷ್ಟು ಬಂದಿವೆ, ಇದನ್ನು ಬದಲಿಸುತ್ತೇನೆ, ಇದನ್ನು ಬದಲಿಸುವುದಿಲ್ಲ, ಕಾರಣ ಇದು ಎಂದು ಹೇಳಿದರು. ನನ್ನ ಮಟ್ಟಿಗೆ ಇಡೀ ಕ್ರಮದ ಜೀವ ಇರುವುದು ಇಲ್ಲಿ. ಕೇಳಿಸಿಕೊಂಡರು ಎಂದು ಮಕ್ಕಳಿಗೆ ಗೊತ್ತಾಗದಿದ್ದರೆ ಮುಂದಿನ ಸಲ ಮತ್ತೆ ಸಾಲಾಗಿ ಐದು ಬೀಳುತ್ತದೆ.

ಬಿ ಸೆಕ್ಷನ್ನಿನ ಅಧ್ಯಾಪಕಿ ಮಕ್ಕಳಿಂದಲೇ ಲೆಕ್ಕ ಬಿಡಿಸುವ ಕ್ರಮವನ್ನು ಕೈಬಿಡಲಿಲ್ಲ. ಯಾಕೆ ಹೀಗೆ ಕಲಿಸುತ್ತೇನೆ, ಯಾಕೆ ಮೊದಮೊದಲು ಏನೂ ಬರುತ್ತಿಲ್ಲ ಅನ್ನಿಸುತ್ತದೆ ಎಂದು ಬಿಡಿಸಿ ಹೇಳಿದರು. ಹಾರ್ವರ್ಡ್ ಅಧ್ಯಯನದಲ್ಲೂ ಸೆಮಿಸ್ಟರಿನ ಆರಂಭದಲ್ಲೇ ಹೀಗೆ ವಿವರಿಸುವುದು ಫಲ ಕೊಟ್ಟಿತ್ತು. ಬೋರ್ಡಿಗೆ ಒಬ್ಬೊಬ್ಬರನ್ನು ಕರೆಯುವ ಬದಲು ಜೋಡಿಯನ್ನು ಕರೆದರು. ಪ್ರತಿ ಪೀರಿಯಡ್ಡಿನ ಕೊನೆಗೆ ಪೂರ್ತಿ ಉತ್ತರವನ್ನು ಹಾಕಿಬಿಡುತ್ತಿದ್ದರು. ಎ ಸೆಕ್ಷನ್ನಿನ ಅಧ್ಯಾಪಕರು ನೋಟ್ಸನ್ನು ಮುಂಚೆಯೇ ಜೆರಾಕ್ಸ್ ಅಂಗಡಿಯಲ್ಲಿ ಇಟ್ಟು, ಬರೆಸುವ ಹೊತ್ತನ್ನು ಉಳಿಸಿ, ಹತ್ತು ನಿಮಿಷ ಬೆಲೆಗಳೇ ಇಲ್ಲದ ಒಂದು ಪ್ರಶ್ನೆಗೆ ಮೀಸಲಿಟ್ಟರು. ಡೌಟು ಕನ್ನಡದಲ್ಲಿ ಕೇಳಬಹುದು ಎಂದು ಇಬ್ಬರೂ ಬಾಯಿಬಿಟ್ಟು ಹೇಳಿದರು. ಹೇಳುವ ಮುಂಚೆಯೂ ಯಾರೂ ಬೇಡ ಎಂದಿರಲಿಲ್ಲ, ಆದರೆ ಬೇಡ ಎಂದೇ ಮಕ್ಕಳು ತಿಳಿದಿದ್ದರು. ಲ್ಯಾಬ್ ರೆಕಾರ್ಡಿನಲ್ಲಿ ಸಿದ್ಧಾಂತದ ಪುಟಗಳನ್ನು ಅಚ್ಚು ಹಾಕಿಸಿಕೊಟ್ಟು, ರೀಡಿಂಗ್, ಗ್ರಾಫ್ ಮತ್ತು ‘ನಾನು ಕಂಡದ್ದು’ ಎಂಬ ಅರ್ಧ ಪುಟವನ್ನಷ್ಟೇ ಬರೆಸಿದರು. ವೆಂಚುರಿಮೀಟರ್ ಪ್ರಯೋಗದಲ್ಲಿ ಒಂದರೊಳಗೇ ಇರಬೇಕಾದ ಡಿಸ್ಚಾರ್ಜ್ ಗುಣಾಂಕ (ನಿಜದ ಹರಿವಿಗೂ ಸೂತ್ರದ ಹರಿವಿಗೂ ಇರುವ ಅನುಪಾತ) ಒಂದಕ್ಕಿಂತ ಹೆಚ್ಚು ಬಂದಾಗ ಹಿಂದೆ ಪಕ್ಕದವನ ರೀಡಿಂಗ್ ನೋಡಿ ತಿದ್ದಿಬಿಡುತ್ತಿದ್ದ ಮಕ್ಕಳು ಈಗ ಒತ್ತಡ ಅಳೆಯುವ ಮ್ಯಾನೊಮೀಟರಿನಲ್ಲಿ ಗಾಳಿ ಗುಳ್ಳೆ ಇತ್ತು ಎಂದು ಬರೆಯತೊಡಗಿದರು.

ಆ ಬ್ಯಾಚಿನ ಕೊನೆಯ ಫೀಡ್‌ಬ್ಯಾಕಿನಲ್ಲಿ ಬಿ ಸೆಕ್ಷನ್ನಿನ ಅಂಕ ಸ್ವಲ್ಪ ಏರಿತು, ಎ ಸೆಕ್ಷನ್ನಿನದು ಸ್ವಲ್ಪ ಇಳಿಯಿತು. ಬಿ ಈಗಲೂ ಎ ಗಿಂತ ಕೆಳಗೇ ಇದೆ. ಬರೀ ಸೂತ್ರಕ್ಕೆ ಬೆಲೆ ಹಾಕಿ ಮುಗಿಸಲಾಗದಂತೆ ತಿರುಗಿಸಿ ಕೇಳಿದ ಇಂಟರ್ನಲ್ಸ್ ಪ್ರಶ್ನೆಗಳಲ್ಲಿ ಮಾತ್ರ ಎ ಸೆಕ್ಷನ್ ಬಿಯ ಹತ್ತಿರ ಬಂತು. ಎ ಸೆಕ್ಷನ್ನಿನ ಅಧ್ಯಾಪಕರು ಸಮಿತಿಯ ಮುಂದೆ ನ್ಯಾಯವಾದ ಒಂದು ಪ್ರಶ್ನೆ ಇಟ್ಟರು: ಮಕ್ಕಳು ಹೆಚ್ಚು ಕಲಿತದ್ದಕ್ಕೆ ನನ್ನ ಅಂಕ ಇಳಿದಿದೆ, ಇದು ನನ್ನ ವಾರ್ಷಿಕ ಮೌಲ್ಯಮಾಪನಕ್ಕೆ ಹೋಗುತ್ತದೆಯೆ?

ಸಮಿತಿ ಆಡಳಿತ ಮಂಡಳಿಗೆ ಕೊಟ್ಟ ಶಿಫಾರಸು ಇಷ್ಟು. ಆರನೇ ವಾರದ ಚೀಟಿಗಳು ಅಧ್ಯಾಪಕರದೇ ಸೊತ್ತು, ಯಾರ ಮೌಲ್ಯಮಾಪನ ಕಡತಕ್ಕೂ ಹೋಗಬಾರದು. ಕೊನೆಯ ಫೀಡ್‌ಬ್ಯಾಕಿನಲ್ಲಿ ಸರಾಸರಿಯ ಬದಲು ಯಾವ ಮೆಟ್ಟಿಲಿನಲ್ಲಿ ಎಷ್ಟು ಜನ ಎಂಬ ಪೂರ್ತಿ ಹಂಚಿಕೆ, ತರಗತಿಯಲ್ಲಿರುವವರ ಒಟ್ಟು ಸಂಖ್ಯೆ, ಉತ್ತರಿಸಿದವರ ಸಂಖ್ಯೆ ಮೂರನ್ನೂ ಬರೆಯಬೇಕು. ಯುಎಸ್‌ಎನ್ ಲಾಗಿನ್ ಬಿಡಬೇಕು, ಪ್ರಶ್ನೆಗಳು ಕನ್ನಡದಲ್ಲೂ ಇರಬೇಕು. ಟೈಮ್‌ಟೇಬಲ್, ಬಸ್ಸು, ಲ್ಯಾಬ್ ಉಪಕರಣ, ಹಾಸ್ಟೆಲ್ ಇವುಗಳಿಗೆ ಪ್ರತ್ಯೇಕ ಭಾಗ ಮಾಡಿ ಅಧ್ಯಾಪಕರ ಹೆಸರಿನಿಂದ ದೂರ ಇಡಬೇಕು. ಇಬ್ಬರು ಅಧ್ಯಾಪಕರನ್ನು ಹೋಲಿಸುವುದೇ ಆದರೆ ಅವರ ಬ್ಲೂ ಬುಕ್‌ಗಳೂ ಮೇಜಿನ ಮೇಲಿರಬೇಕು.

ಮೊದಲನೆಯದು, ಎರಡನೆಯದು ಪಾಸಾದವು. ಕನ್ನಡದ ಪ್ರಶ್ನೆಗಳು ಬಂದವು. ಯುಎಸ್‌ಎನ್ ಲಾಗಿನ್ ಇನ್ನೂ ಉಳಿದಿದೆ. ಯಾರು ತುಂಬಿಲ್ಲ ಎಂದು ಗೊತ್ತಾಗಬೇಕಲ್ಲ ಎನ್ನುವುದು ಕಚೇರಿಯ ವಾದ. ತುಂಬಿದವರ ಪಟ್ಟಿಯನ್ನೂ ಉತ್ತರಗಳನ್ನೂ ಬೇರೆ ಬೇರೆ ಕಡೆ ಶೇಖರಿಸಿದರೆ ಎರಡೂ ಸಾಧ್ಯ ಎಂದು ಕಂಪ್ಯೂಟರ್ ಸೈನ್ಸ್ ವಿಭಾಗದವರು ಮಾಡಿ ತೋರಿಸಿದ್ದಾರೆ, ನಿರ್ಧಾರ ಬಾಕಿ. ಮೊದಲ ಪೀರಿಯಡ್ಡು ಮಾತ್ರ ಇದ್ದಲ್ಲೇ ಇದೆ. ಅದನ್ನು ಸರಿಸಿದರೆ ಬೇರೆ ಮೂರು ವಿಭಾಗಗಳ ಲ್ಯಾಬ್ ಬ್ಯಾಚುಗಳು ಅಲುಗಾಡುತ್ತವೆ. ಮಳೆಗಾಲದ ತಿಂಗಳುಗಳಲ್ಲಾದರೂ ಮೊದಲ ಹತ್ತು ನಿಮಿಷ ಹಿಂದಿನ ದಿನದ ಲೆಕ್ಕಕ್ಕೆ ಇಟ್ಟು, ಹಾಜರಾತಿಯನ್ನು ಅದರ ನಂತರ ತೆಗೆದುಕೊಳ್ಳಬೇಕು ಎಂಬ ಬಿ ಸೆಕ್ಷನ್ನಿನ ಅಧ್ಯಾಪಕಿಯ ಸಲಹೆಯನ್ನು ಮುಂದಿನ ಟೈಮ್‌ಟೇಬಲ್ ಸಭೆಗೆ ಕಳಿಸಿದ್ದೇವೆ.